ನಿಮಗಿದು ಗೊತ್ತೇ? ವಿಜಯಪುರದ ಕರಿಗಲ್ಲಿಗೆ ಕಡಲಡಿಯ ಬೆಂಕಿಯ ನಂಟು

ಸಮುದ್ರದ ತಳದಲ್ಲಿ ಉದ್ದಕ್ಕೆ ಚಾಚಿಕೊಂಡ, ಇಕ್ಕೆಲ ಕಡಿದಾದ ಏರುನೆಲಕ್ಕೆ ‘ರಿಡ್ಜ್’ ಎನ್ನುತ್ತಾರೆ. ಕನ್ನಡದಲ್ಲಿ ಕಡಲಡಿಯ ಏಣು ಎನ್ನಬಹುದು, ದಿಣ್ಣೆಸಾಲು ಎಂದರೂ ಸರಿಯೇ. ತಳದಿಂದ ಸಾವಿರ ಮೀಟರಿಗೂ ಮೇಲೆ ಒಂಟಿಯಾಗಿ ಎದ್ದು ನಿಂತದ್ದು ‘ಸೀಮೌಂಟ್’. ನೀರಿನ ಮೇಲ್ಮೈಗೆ ಹತ್ತಿರ ಬಂದು ಹಡಗಿಗೆ ತಾಗುವಂಥ ಬಂಡೆ ಅಥವಾ ಹವಳದ ದಿಬ್ಬ ‘ರೀಫ್’. ರಿಡ್ಜ್ ಮತ್ತು ರೀಫ್ ಒಂದೇ ಅಲ್ಲ.

ಭೂಮಿಯ ಅತಿ ಉದ್ದದ ಬೆಟ್ಟಸಾಲು ಹಿಮಾಲಯವಲ್ಲ, ಆಂಡಿಸ್ ಕೂಡ ಅಲ್ಲ. ಸಾಗರಗಳ ನಡುವೆ ನೀರಿನಡಿಯಲ್ಲೇ ಸುತ್ತಿ ಬರುವ ಸಾಲು ಅದು. ಉದ್ದ ಸುಮಾರು 65,000 ಕಿ.ಮೀ.

ಕಡಲೇ ಇಲ್ಲದ ವಿಜಯಪುರಕ್ಕೂ ಕಡಲಡಿಯ ಏಣುಗಳಿಗೂ ಏನು ಸಂಬಂಧ? ಸುಮಾರು 6.6 ಕೋಟಿ ವರ್ಷಗಳ ಹಿಂದೆ ಈ ನೆಲ ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು. ಭೂಮಿಯ ಆಳದಿಂದ ಉಕ್ಕಿದ ಲಾವಾ ಪದರದ ಮೇಲೆ ಪದರ ಹರಡಿ ದಖನ್ ಪ್ರಸ್ಥಭೂಮಿಯ ಕರಿಗಲ್ಲಾಯಿತು. ಬಾರಾ ಕಮಾನಿನ ಬೋಳು ಗೋಡೆಯ ಕಪ್ಪು ಕಲ್ಲು ಅದೇ. 1656ರಲ್ಲಿ ಮುಗಿದ ಗೋಲ ಗುಮ್ಮಟಕ್ಕೂ ಅದೇ ಕಲ್ಲು. ಟಿಕೋಟಾ, ಬಬಲೇಶ್ವರದ ಕಡೆ ಬಾವಿ ತೋಡುವವರಿಗೆ ಮೊದಲು ಎರೆಮಣ್ಣು ಸಿಗುತ್ತದೆ, ಆಮೇಲೆ ಗರಸು, ಕೆಳಗೆ ಕರಿಗಲ್ಲು. ಕಲ್ಲನ್ನು ಒಡೆದು ನೋಡಿದರೆ ಕೆಲವೆಡೆ ಸಣ್ಣ ಸಣ್ಣ ತೂತುಗಳು, ಅವುಗಳೊಳಗೆ ಬಿಳಿ ಹರಳು. ಕುದಿಯುತ್ತಿದ್ದ ಲಾವಾದಿಂದ ಹೊರಬೀಳಲಾಗದೆ ಸಿಕ್ಕಿಕೊಂಡ ಅನಿಲದ ಗುಳ್ಳೆಗಳ ಗುರುತು ಆ ತೂತುಗಳು. ಬಿಳಿ ಜೋಳ ಬೆಳೆಯುವ ಡೋಣಿ ಹೊಳೆಸಾಲಿನ ಎರೆಮಣ್ಣು ಆ ಕಲ್ಲೇ ಸವೆದು ಆದದ್ದು.

ಆ ಬೆಂಕಿ ಅಲ್ಲಿಗೇ ಆರಲಿಲ್ಲ. ಭಾರತದ ಭೂಫಲಕ ಉತ್ತರಕ್ಕೆ ಸರಿಯುತ್ತ ಹೋಯಿತು, ಲಾವಾ ಉಕ್ಕಿಸಿದ ಆಳದ ಬಿಸಿಯ ಬುಗ್ಗೆ ಇದ್ದಲ್ಲೇ ಉರಿಯಿತು. ಫಲಕ ಸರಿದ ದಾರಿಯುದ್ದಕ್ಕೂ ಕಡಲಡಿಯಲ್ಲಿ ಲಾವಾ ಗುಡ್ಡೆಯಾಯಿತು. ಲಕ್ಷದ್ವೀಪ, ಮಾಲ್ಡೀವ್ಸ್ ದಾಟಿ ಚಾಗೋಸ್‌ವರೆಗೆ ಸುಮಾರು 2,500 ಕಿ.ಮೀ. ಉದ್ದದ ಏಣು ಹುಟ್ಟಿದ್ದು ಹೀಗೆ ಎಂಬುದು ಭೂವಿಜ್ಞಾನಿಗಳ ಪ್ರಬಲ ಅಭಿಪ್ರಾಯ. 1987ರಲ್ಲಿ ಕಡಲ ತಳ ಕೊರೆದಾಗ ಮೇಲೆ ಬಂದ ಕಲ್ಲೂ ಇದನ್ನೇ ಹೇಳಿತು: ಮಾಲ್ಡೀವ್ಸ್ ಬಳಿಯದಕ್ಕೆ ಸುಮಾರು 5.7 ಕೋಟಿ ವರ್ಷ, ಇನ್ನೂ ದಕ್ಷಿಣದ ಚಾಗೋಸ್‌ನದಕ್ಕೆ ಸುಮಾರು 4.9 ಕೋಟಿ. ದಕ್ಷಿಣಕ್ಕೆ ಹೋದಷ್ಟೂ ಕಲ್ಲು ಹೊಸದು. ಅದೇ ಬುಗ್ಗೆ ಈಗ ರಿಯೂನಿಯನ್ ದ್ವೀಪದ ಕೆಳಗಿದೆ. ಅಲ್ಲಿನ ಜ್ವಾಲಾಮುಖಿ ಇಂದಿಗೂ ಲಾವಾ ಕಾರುತ್ತದೆ.

ಲಕ್ಷದ್ವೀಪ ಎಂದರೆ ಆ ಏಣಿನ ನೆತ್ತಿಯ ಮೇಲೆ ಬೆಳೆದ ಹವಳ. ಅದರ ಉತ್ತರದ ಅಮಿನಿದಿವಿ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು!

ನಮ್ಮ ಸುತ್ತಲಿನ ಕಡಲಲ್ಲಿ ಇನ್ನೂ ಏಣುಗಳಿವೆ. ಹಿಂದೂ ಮಹಾಸಾಗರದ ‘ತೊಂಬತ್ತು ಪೂರ್ವ’ ಏಣು 90 ಡಿಗ್ರಿ ಪೂರ್ವ ರೇಖಾಂಶದ ಗುಂಟ ಹೆಚ್ಚುಕಡಿಮೆ ನೆಟ್ಟಗೆ ಸುಮಾರು 5,000 ಕಿ.ಮೀ. ಸಾಗುತ್ತದೆ. ಅರಬ್ಬೀ ಸಮುದ್ರದ ಕಾರ್ಲ್ಸ್‌ಬರ್ಗ್ ಏಣಿಗೆ ಹೆಸರು ಬಂದದ್ದು ಡೆನ್ಮಾರ್ಕಿನ ಬಿಯರ್ ಕಂಪನಿಯ ಪ್ರತಿಷ್ಠಾನದಿಂದ; 1928ರಲ್ಲಿ ಹೊರಟ ‘ಡಾನಾ’ ಹಡಗಿನ ಶೋಧಯಾನಕ್ಕೆ ಹಣ ಕೊಟ್ಟದ್ದು ಆ ಪ್ರತಿಷ್ಠಾನ.

ಬೆಂಗಳೂರಿನಲ್ಲಿ ಬಾಳಿದ ಸಿ.ವಿ. ರಾಮನ್ ಹೆಸರಿನಲ್ಲೂ ಒಂದು ಏಣು ಇದೆ. ‘ರಾಮನ್ ರಿಡ್ಜ್’ ಎಂಬ ಹೆಸರಿಗೆ 1992ರಲ್ಲಿ ಅಂತರರಾಷ್ಟ್ರೀಯ ಒಪ್ಪಿಗೆ ಸಿಕ್ಕಿತು. 2024ರಲ್ಲಿ ಭಾರತ ಸೂಚಿಸಿದ ಇನ್ನೂ ಮೂರು ಹೆಸರುಗಳು ನಕ್ಷೆಗೆ ಸೇರಿದವು: ಅಶೋಕ ಸೀಮೌಂಟ್, ಕಲ್ಪತರು ರಿಡ್ಜ್, ಚಂದ್ರಗುಪ್ತ ರಿಡ್ಜ್. ಕೊನೆಯದು ಮೌರ್ಯ ಸಾಮ್ರಾಟನ ಹೆಸರು. ಆತ ಶ್ರವಣಬೆಳಗೊಳದಲ್ಲಿ ಸಲ್ಲೇಖನ ಕೈಗೊಂಡನೆಂದು ಜೈನ ಪರಂಪರೆ ಹೇಳುತ್ತದೆ.

ಬಾವಿ ತೋಡುವಾಗ ಬಿಳಿ ಹರಳು ತುಂಬಿದ ಕರಿಗಲ್ಲು ಸಿಕ್ಕರೆ ಒಂದು ತುಂಡನ್ನು ಊರಿನ ಶಾಲೆಗೆ ಕೊಡಿ. ಭೂಗೋಳದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗಲಾರದು.