ಮೊಡವೆಗೆ ಗರ್ಭನಿರೋಧಕ ಮಾತ್ರೆ: ಭಯ ಇರಬೇಕಾದ ಕಡೆ ಇಲ್ಲ

ಹತ್ತೊಂಬತ್ತರ ಹುಡುಗಿ. ಗಲ್ಲದ ಮೇಲೆ, ದವಡೆಯ ಅಂಚಿನಲ್ಲಿ ಪ್ರತಿ ತಿಂಗಳೂ ಗಂಟು ಗಂಟಾದ ಮೊಡವೆ. ಕ್ರೀಮು ಆಯಿತು, ಆಂಟಿಬಯಾಟಿಕ್ ಆಯಿತು. ಕೊನೆಗೆ ಚರ್ಮದ ಡಾಕ್ಟರು ಇಪ್ಪತ್ತೊಂದು ಮಾತ್ರೆಗಳ ಸ್ಟ್ರಿಪ್ ಒಂದನ್ನು ಬರೆದುಕೊಟ್ಟರು. ಮನೆಗೆ ಬಂದು ಮೊಬೈಲಿನಲ್ಲಿ ಹೆಸರು ಹುಡುಕಿದರೆ ಅದು ಗರ್ಭನಿರೋಧಕ ಮಾತ್ರೆ! ಅಮ್ಮನಿಗೆ ಗಾಬರಿ, ಅಜ್ಜಿಗೆ ಸಿಟ್ಟು, ಚಿಕ್ಕಮ್ಮನದು ‘ದಪ್ಪ ಆಗ್ತೀಯ ಕಣೇ’ ಎಂಬ ಎಚ್ಚರಿಕೆ. ಸ್ಟ್ರಿಪ್ ಬೀರು ಸೇರುತ್ತದೆ. ಅದೇ ಹೊತ್ತಿಗೆ ಇನ್ನೊಂದೂರಿನ ಹಾಸ್ಟೆಲಿನಲ್ಲಿ, ರೂಮ್‌ಮೇಟ್‌ಗೆ ಮುಖ ತಿಳಿಯಾಯಿತೆಂದು ಅದೇ ಮಾತ್ರೆಯನ್ನು ಚೀಟಿಯಿಲ್ಲದೆ ತಂದು ನುಂಗುತ್ತಿರುವ ಹುಡುಗಿಯೂ ಇರುತ್ತಾಳೆ. ಆಕೆಗೆ ಆಗಾಗ ಅರೆತಲೆನೋವು ಬರುತ್ತದೆ ಎಂಬುದನ್ನು ಯಾರೂ ಕೇಳಿರುವುದಿಲ್ಲ. ಒಂದು ಕಡೆ ಇಲ್ಲದ ಅಪಾಯಕ್ಕೆ ಹೆದರಿಕೆ, ಇನ್ನೊಂದು ಕಡೆ ಇರುವ ಅಪಾಯದ ಸುಳಿವೇ ಇಲ್ಲ. ಈ ಮಾತ್ರೆಯ ಸುತ್ತ ಹಬ್ಬಿರುವ ತಪ್ಪು ಕಲ್ಪನೆಗಳೆಲ್ಲ ಹೆಚ್ಚುಕಡಿಮೆ ಈ ಎರಡು ಗುಂಪಿಗೆ ಸೇರುತ್ತವೆ.

‘ಗರ್ಭ ತಡೆಯುವ ಮಾತ್ರೆಗೂ ಮೊಡವೆಗೂ ಏನು ಸಂಬಂಧ?’

ನೇರ ಸಂಬಂಧವೇ ಇದೆ. ಹೆಣ್ಣಿನ ದೇಹದಲ್ಲೂ ಟೆಸ್ಟೋಸ್ಟೆರಾನ್‌ನಂಥ ಆಂಡ್ರೋಜನ್ ಹಾರ್ಮೋನುಗಳು ಸ್ವಲ್ಪ ಪ್ರಮಾಣದಲ್ಲಿ ಇರುತ್ತವೆ. ಚರ್ಮದ ಜಿಡ್ಡಿನ ಗ್ರಂಥಿಗಳಿಗೆ ಕೆಲಸ ಹೇಳುವುದು ಇವೇ. ಜಿಡ್ಡು ಹೆಚ್ಚಾಗಿ, ರೋಮರಂಧ್ರ ಕಟ್ಟಿಕೊಂಡು, ಒಳಗೆ ಬ್ಯಾಕ್ಟೀರಿಯಾ ಬೆಳೆದು ಉರಿಯೂತವಾದರೆ ಮೊಡವೆ. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎರಡೂ ಇರುವ ಸಂಯುಕ್ತ ಮಾತ್ರೆ ಅಂಡಾಶಯದಿಂದ ಬರುವ ಆಂಡ್ರೋಜನ್ನನ್ನು ತಗ್ಗಿಸುತ್ತದೆ. ಅದರಲ್ಲಿನ ಈಸ್ಟ್ರೋಜನ್ ಯಕೃತ್ತಿನಿಂದ ಒಂದು ಪ್ರೋಟೀನನ್ನು ಹೆಚ್ಚು ಬಿಡುಗಡೆ ಮಾಡಿಸುತ್ತದೆ. ರಕ್ತದಲ್ಲಿ ಬಿಡಿಯಾಗಿ ಓಡಾಡುವ ಟೆಸ್ಟೋಸ್ಟೆರಾನನ್ನು ಆ ಪ್ರೋಟೀನು ಹಿಡಿದಿಟ್ಟುಕೊಳ್ಳುತ್ತದೆ. ಜಿಡ್ಡಿನ ಗ್ರಂಥಿಗೆ ತಲುಪುವ ಹಾರ್ಮೋನು ಅಷ್ಟು ಕಡಿಮೆಯಾಯಿತು.

ಇದು ಹೊಸ ಪ್ರಯೋಗವೂ ಅಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೊಡವೆ ಚಿಕಿತ್ಸೆಗೆಂದು ಇಂಥ ಮಾತ್ರೆಯೊಂದಕ್ಕೆ ಒಪ್ಪಿಗೆ ಕೊಟ್ಟದ್ದು 1997ರಲ್ಲಿ. ಕಾಕ್ರೇನ್ ಸಂಸ್ಥೆಯ 2012ರ ಪರಿಶೀಲನೆ 31 ಅಧ್ಯಯನಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ಮಹಿಳೆಯರ ಮಾಹಿತಿಯನ್ನು ಒಟ್ಟಿಗೆ ನೋಡಿ, ಸಂಯುಕ್ತ ಮಾತ್ರೆಗಳು ಮೊಡವೆ ಕಡಿಮೆ ಮಾಡುತ್ತವೆ ಎಂದು ಹೇಳಿದೆ.

‘ಎಲ್ಲ ಗರ್ಭನಿರೋಧಕವೂ ಒಂದೇ, ಯಾವುದು ಸಿಕ್ಕರೂ ಆದೀತು’

ಖಂಡಿತ ಆಗದು. ಚರ್ಮಕ್ಕೆ ಒಗ್ಗುವುದು ಎರಡು ಹಾರ್ಮೋನುಗಳ ಸಂಯುಕ್ತ ಮಾತ್ರೆ ಮಾತ್ರ. ಪ್ರೊಜೆಸ್ಟಿನ್ ಒಂದೇ ಇರುವ ಮಿನಿ ಪಿಲ್ ಅಥವಾ ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರಾ’ ಇಂಜೆಕ್ಷನ್ ಕೆಲವರಲ್ಲಿ ಮೊಡವೆಯನ್ನು ಹೆಚ್ಚಿಸಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವ, ವಾರದ ಲೆಕ್ಕದಲ್ಲಿ ನುಂಗುವ ‘ಛಾಯಾ’ ಮಾತ್ರೆಯಲ್ಲಿ ಈಸ್ಟ್ರೋಜನ್ನೂ ಇಲ್ಲ, ಪ್ರೊಜೆಸ್ಟಿನ್ನೂ ಇಲ್ಲ. ಅದು ಮೊಡವೆಯ ಔಷಧವಲ್ಲ. 72 ಗಂಟೆಯೊಳಗೆ ನುಂಗುವ ತುರ್ತು ಮಾತ್ರೆಯನ್ನು ಮೊಡವೆಗೆಂದು ನುಂಗುವುದಂತೂ ಶುದ್ಧ ತಪ್ಪು.

ನಮ್ಮ ಕಡೆ ಇನ್ನೊಂದು ಗೊಂದಲ ಇದೆ. ಮದುವೆ, ಗೃಹಪ್ರವೇಶ, ಸತ್ಯನಾರಾಯಣ ಪೂಜೆಗೆ ಡೇಟ್ ಅಡ್ಡ ಬರದಿರಲೆಂದು ನುಂಗುವ ‘ಮುಂದೂಡುವ ಮಾತ್ರೆ’. ಅದು ಸಾಮಾನ್ಯವಾಗಿ 5 ಮಿಲಿಗ್ರಾಂ ನಾರ್‌ಎಥಿಸ್ಟೆರಾನ್. ಮುಟ್ಟಿಗೆ ಸಂಬಂಧಿಸಿದ್ದು ಎಂಬ ಕಾರಣಕ್ಕೆ ಜನ ಎರಡನ್ನೂ ಒಂದೇ ಎಂದುಕೊಂಡಿದ್ದಾರೆ. ಮೊಡವೆಗೆ ಅದರಿಂದ ಪ್ರಯೋಜನ ಇಲ್ಲ, ಮುಂದೂಡುವ ಪ್ರಮಾಣದಲ್ಲಿ ನುಂಗಿದರೆ ಅದನ್ನು ಗರ್ಭನಿರೋಧಕವೆಂದು ನಂಬುವಂತೆಯೂ ಇಲ್ಲ. ಡಾಕ್ಟರ ಚೀಟಿ ನೋಡಿ ‘ನಮ್ಮಕ್ಕನೂ ಪೂಜೆಗೆ ಇದನ್ನೇ ತಗೊಂಡಿದ್ಲು’ ಎಂದು ಯಾರಾದರೂ ಅಂದರೆ ನಂಬಬೇಡಿ.

ಮೊಡವೆಗೆ ಇಲ್ಲಿ ಹೆಚ್ಚಾಗಿ ಬರೆಯುವುದು ಸೈಪ್ರೊಟೆರಾನ್ ಅಥವಾ ಡ್ರೊಸ್ಪಿರೆನಾನ್ ಇರುವ ಮಾತ್ರೆಗಳನ್ನು. ಈ ಎರಡೂ ಆಂಡ್ರೋಜನ್ನಿನ ಕೆಲಸಕ್ಕೆ ನೇರವಾಗಿ ಅಡ್ಡ ನಿಲ್ಲುತ್ತವೆ. ಹೆಸರಿನ ಪಕ್ಕದಲ್ಲಿ ‘35’ ಎಂದಿದ್ದರೆ ಅದು ವಯಸ್ಸಲ್ಲ, ಒಂದು ಮಾತ್ರೆಯಲ್ಲಿರುವ ಈಸ್ಟ್ರೋಜನ್ನಿನ ಮೈಕ್ರೋಗ್ರಾಂ ಲೆಕ್ಕ. ಸರ್ಕಾರ ಉಚಿತವಾಗಿ ಕೊಡುವ ‘ಮಾಲಾ-ಎನ್’ ಕೂಡ ಸಂಯುಕ್ತ ಮಾತ್ರೆಯೇ. ಅದರಲ್ಲಿ 21 ಹಾರ್ಮೋನ್ ಮಾತ್ರೆ, ಉಳಿದ 7 ಕಬ್ಬಿಣಾಂಶದ್ದು. ಅದರಲ್ಲಿರುವ ಲೆವೊನಾರ್ಜೆಸ್ಟ್ರೆಲ್ ಮೊಡವೆಗೆ ಮೊದಲ ಆಯ್ಕೆ ಆಗದಿದ್ದರೂ ಆ ವರ್ಗದ ಮಾತ್ರೆಯಿಂದಲೂ ಮೊಡವೆ ಕಡಿಮೆಯಾದದ್ದು ಅಧ್ಯಯನಗಳಲ್ಲಿ ಕಂಡಿದೆ. ರಕ್ತ ಹೆಪ್ಪುಗಟ್ಟುವ ವಿಷಯದಲ್ಲಂತೂ ಅದೇ ಹೆಚ್ಚು ಸುರಕ್ಷಿತ. ಬೆಲೆ ಜಾಸ್ತಿ ಇದ್ದರೆ ಗುಣವೂ ಜಾಸ್ತಿ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

‘ಮದುವೆಯಾಗದವರು ತಗೊಂಡರೆ ಮುಂದೆ ಮಕ್ಕಳಾಗಲ್ಲ’

ಅತಿ ಹೆಚ್ಚು ಕಣ್ಣೀರು ಹಾಕಿಸಿರುವ ಸುಳ್ಳು ಇದು. ಮಾತ್ರೆ ನಿಲ್ಲಿಸಿದ ಮೇಲೆ ಅಂಡೋತ್ಪತ್ತಿ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ಮರಳುತ್ತದೆ. ವರ್ಷಗಟ್ಟಲೆ ತೆಗೆದುಕೊಂಡವರಿಗೂ ಗರ್ಭ ನಿಲ್ಲುವ ಸಾಧ್ಯತೆ ಉಳಿದವರಷ್ಟೇ. ಮಾತ್ರೆಗೆ ಮುಂಚೆಯೇ ಮುಟ್ಟು ಏರುಪೇರಾಗಿದ್ದವರಿಗೆ ನಿಲ್ಲಿಸಿದ ಮೇಲೆ ಮತ್ತೆ ಏರುಪೇರಾಗುತ್ತದೆ, ತಪ್ಪು ಮಾತ್ರೆಯ ಮೇಲೆ ಬರುತ್ತದೆ. ಇನ್ನು ಮದುವೆಯ ಪ್ರಶ್ನೆ. ಮಾತ್ರೆಗೆ ತಾಳಿ ಕಾಣುವುದಿಲ್ಲ. ಅಮೆರಿಕದಲ್ಲಿ ಮೊಡವೆಗೆ ಒಪ್ಪಿಗೆ ಪಡೆದ ಇಂಥ ಮಾತ್ರೆಗಳ ವಯಸ್ಸಿನ ಮಿತಿ 14 ಅಥವಾ 15ರಿಂದ ಶುರುವಾಗುತ್ತದೆ, ಅದೂ ಮೈನೆರೆದ ಮೇಲೆ ಮಾತ್ರ. ಮನೆಯವರು ಕೇಳಬೇಕಾದ ಪ್ರಶ್ನೆ ‘ಜನ ಏನಂತಾರೆ’ ಎಂಬುದಲ್ಲ, ‘ಇವಳಿಗೆ ಬಿಪಿ ಎಷ್ಟಿದೆ, ತಲೆನೋವಿದೆಯಾ’ ಎಂಬುದು.

ದಪ್ಪಗಾಗುವ ಮಾತನ್ನೂ ಇಲ್ಲೇ ಮುಗಿಸೋಣ. ಅಧ್ಯಯನಗಳಲ್ಲಿ ಹೇಳಿಕೊಳ್ಳುವಂಥ ತೂಕದ ಏರಿಕೆ ಕಂಡುಬಂದಿಲ್ಲ. ಮೊದಲ ತಿಂಗಳುಗಳಲ್ಲಿ ಮೈಯಲ್ಲಿ ಸ್ವಲ್ಪ ನೀರು ನಿಂತು ಬಟ್ಟೆ ಬಿಗಿಯಾದಂತೆ ಅನಿಸಬಹುದು. ಅದರ ಜೊತೆಗೆ ವಾಕರಿಕೆ, ಸ್ತನಗಳಲ್ಲಿ ನೋವು, ನಡುನಡುವೆ ರಕ್ತದ ಕಲೆ ಕಾಣಿಸುವುದು ಇವೆಲ್ಲ ಸಾಮಾನ್ಯ. ಎರಡು ಮೂರು ತಿಂಗಳಲ್ಲಿ ಹೆಚ್ಚಿನವರಿಗೆ ಸರಿಹೋಗುತ್ತದೆ. ವಾಕರಿಕೆ ಇರುವವರು ರಾತ್ರಿ ಊಟದ ನಂತರ ತೆಗೆದುಕೊಂಡು ಮಲಗುವುದು ಒಳ್ಳೆಯದು.

‘ಮೊಡವೆ ಮಾತ್ರೆ ತಾನೇ, ಅಪಾಯ ಏನಿರುತ್ತೆ?’

ಭಯ ಇರಬೇಕಾದದ್ದು ಇಲ್ಲಿ. ಮಾತ್ರೆಯಲ್ಲಿನ ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸುತ್ತದೆ. ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಎಷ್ಟು ಜನರಿಗೆ ಹೀಗಾಗುತ್ತದೆ? ಯುರೋಪಿನ ಔಷಧ ಸಂಸ್ಥೆಯ ಲೆಕ್ಕದಲ್ಲಿ, ಮಾತ್ರೆ ತೆಗೆದುಕೊಳ್ಳದ, ಗರ್ಭಿಣಿಯೂ ಅಲ್ಲದ 10,000 ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ ಹೆಪ್ಪುಗಟ್ಟುತ್ತದೆ. ಲೆವೊನಾರ್ಜೆಸ್ಟ್ರೆಲ್ ಇರುವ ಮಾತ್ರೆಯಲ್ಲಿ 5ರಿಂದ 7, ಡ್ರೊಸ್ಪಿರೆನಾನ್ ಇದ್ದರೆ 9ರಿಂದ 12. ಸೈಪ್ರೊಟೆರಾನ್ ಮಾತ್ರೆಯಲ್ಲಿ ಲೆವೊನಾರ್ಜೆಸ್ಟ್ರೆಲ್‌ಗಿಂತ ಒಂದೂವರೆಯಿಂದ ಎರಡು ಪಟ್ಟು. ಗರ್ಭಿಣಿಯಾಗಿದ್ದಾಗ, ಅದಕ್ಕಿಂತ ಹೆಚ್ಚಾಗಿ ಬಾಣಂತನದಲ್ಲಿ ಈ ಅಪಾಯ ಮಾತ್ರೆಯದಕ್ಕಿಂತ ಹೆಚ್ಚು ಎಂಬುದನ್ನೂ ಮರೆಯಬಾರದು. ಹತ್ತು ಸಾವಿರಕ್ಕೆ ಹತ್ತು ಎಂಬುದು ಸಣ್ಣ ಸಂಖ್ಯೆಯೇ. ಆದರೆ ಮೊಡವೆಯಿಂದ ಯಾರೂ ಸಾಯುವುದಿಲ್ಲವಾದ್ದರಿಂದ ತೂಗಿ ನೋಡಲೇಬೇಕಾದ ಸಂಖ್ಯೆ.

ಫ್ರಾನ್ಸ್ ಹಾಗೆ ತೂಗಿ ನೋಡಿತು. ಸೈಪ್ರೊಟೆರಾನ್ ಇರುವ ‘ಡಯಾನ್-35’ ಅಲ್ಲಿ ಒಪ್ಪಿಗೆ ಪಡೆದದ್ದು ಮೊಡವೆಗೆ ಮಾತ್ರ, ಬಳಕೆಯಾಗುತ್ತಿದ್ದುದು ಬಹಳಷ್ಟು ಗರ್ಭನಿರೋಧಕವಾಗಿ. 25 ವರ್ಷಗಳಲ್ಲಿ ನಾಲ್ಕು ಸಾವುಗಳಿಗೆ ಈ ಮಾತ್ರೆಯ ನಂಟಿದೆ ಎಂದು ಅಲ್ಲಿನ ಔಷಧ ಸಂಸ್ಥೆ 2013ರಲ್ಲಿ ಹೇಳಿ ಮಾರಾಟವನ್ನೇ ತಡೆಹಿಡಿಯಿತು. ಆಮೇಲೆ ಯುರೋಪ್ ಮಟ್ಟದಲ್ಲಿ ಪರಿಶೀಲನೆ ನಡೆದು, ಬೇರೆ ಚಿಕಿತ್ಸೆಗೆ ಜಗ್ಗದ, ಮಧ್ಯಮದಿಂದ ತೀವ್ರ ಮಟ್ಟದ ಮೊಡವೆಗೆ ಕೊಡಬಹುದು, ಬರೀ ಗರ್ಭನಿರೋಧಕ್ಕೆ ಕೊಡಬಾರದು, ಇನ್ನೊಂದು ಹಾರ್ಮೋನ್ ಗರ್ಭನಿರೋಧಕದ ಜೊತೆಗೆ ಕೂಡದು ಎಂಬ ಷರತ್ತಿನೊಂದಿಗೆ 2014ರಲ್ಲಿ ಆ ಮಾತ್ರೆ ಮರಳಿ ಬಂತು. ನಮ್ಮಲ್ಲಿ ಅದೇ ಔಷಧವನ್ನು ನಾಲ್ಕು ಮೊಡವೆ ಕಂಡ ಕೂಡಲೇ ನುಂಗುವವರಿದ್ದಾರೆ. ಇದು ಸರಿಯಲ್ಲ.

ಕೆಲವರಿಗೆ ಈ ಮಾತ್ರೆ ಬೇಡವೇ ಬೇಡ: ಹಿಂದೆ ರಕ್ತ ಹೆಪ್ಪುಗಟ್ಟಿದವರು, ಬಿಪಿ ಹೆಚ್ಚಿರುವವರು, 35 ದಾಟಿಯೂ ಸಿಗರೇಟ್ ಸೇದುವವರು, ಯಕೃತ್ತಿನ ಗಂಭೀರ ಕಾಯಿಲೆ ಅಥವಾ ಸ್ತನ ಕ್ಯಾನ್ಸರ್ ಇರುವವರು, ಹಸಿ ಬಾಣಂತಿಯರು. ಇನ್ನೊಂದು ಗುಂಪು ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಅರೆತಲೆನೋವಿಗೆ ಮುಂಚೆ ಕಣ್ಣೆದುರು ಮಿಂಚು, ಅಂಕುಡೊಂಕು ಗೆರೆ ಕಾಣುವವರು, ಅರ್ಧ ದೃಷ್ಟಿ ಮಸುಕಾಗುವವರು. ಇವರು ಸಂಯುಕ್ತ ಮಾತ್ರೆ ತೆಗೆದುಕೊಂಡರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ‘ಪಿತ್ತದ ತಲೆನೋವು’ ಎಂದು ವರ್ಷಗಳಿಂದ ನಿಂಬೆಹಣ್ಣಿನ ಪಾನಕ ಕುಡಿದುಕೊಂಡಿರುವ ಹುಡುಗಿ ಇದನ್ನು ತಾನಾಗಿಯೇ ಡಾಕ್ಟರಿಗೆ ಹೇಳುವುದಿಲ್ಲ, ಮೊಡವೆಗೂ ತಲೆನೋವಿಗೂ ಸಂಬಂಧ ಇದೆಯೆಂದು ಅವಳಿಗೆ ಹೊಳೆಯುವುದೂ ಇಲ್ಲ. ಕೇಳಬೇಕಾದವರು ಕೇಳಬೇಕು.

‘ಆಗಾಗ ಬಿಟ್ಟು ತಗೊಂಡರೆ ದೇಹಕ್ಕೆ ವಿಶ್ರಾಂತಿ’

ಉಲ್ಟಾ. ಹೆಪ್ಪುಗಟ್ಟುವ ಅಪಾಯ ಹೆಚ್ಚಿರುವುದು ಮೊದಲ ವರ್ಷ, ಅದರಲ್ಲೂ ಮೊದಲ ಕೆಲವು ತಿಂಗಳು. ಒಂದು ತಿಂಗಳಿಗಿಂತ ಹೆಚ್ಚು ನಿಲ್ಲಿಸಿ ಮತ್ತೆ ಶುರುಮಾಡಿದರೆ ಆ ಅವಧಿ ಹೊಸದಾಗಿ ಆರಂಭ. ತೆಗೆದುಕೊಳ್ಳುವುದಾದರೆ ಡಾಕ್ಟರು ಹೇಳಿದಷ್ಟು ಕಾಲ ನಿರಂತರವಾಗಿ, ಬಿಡುವುದಾದರೆ ಪೂರ್ತಿ. ದೊಡ್ಡ ಆಪರೇಷನ್ ಇದ್ದರೆ ಸುಮಾರು ನಾಲ್ಕು ವಾರ ಮುಂಚೆ ನಿಲ್ಲಿಸುವ ಬಗ್ಗೆ ಸರ್ಜನ್‌ಗೆ ಕೇಳಬೇಕು.

‘ಮೊಡವೆ ಹೋಯಿತು ಅಂದರೆ ಮುಖ ಸ್ವಚ್ಛ’

ನಮ್ಮ ಮೈಬಣ್ಣದವರು ತಿಳಿದಿರಲೇಬೇಕಾದ, ಚೀಟಿ ಬರೆಯುವವರೂ ಎಷ್ಟೋ ಸಲ ಹೇಳದೆ ಬಿಡುವ ಅಡ್ಡ ಪರಿಣಾಮ ಬಂಗು. ಈಸ್ಟ್ರೋಜನ್ನೂ ಬಿಸಿಲೂ ಸೇರಿದರೆ ಕೆನ್ನೆ, ಹಣೆ, ಮೇಲ್ತುಟಿಯ ಮೇಲೆ ಕಂದು ಮಚ್ಚೆ ಹರಡಬಹುದು. ಮಾತ್ರೆ ನಿಲ್ಲಿಸಿದರೂ ಅದು ಬೇಗ ಹೋಗುವುದಿಲ್ಲ. ಮನೆಯಲ್ಲಿ ತಾಯಿಗೋ ಅಕ್ಕನಿಗೋ ಬಸಿರಿನಲ್ಲಿ ಬಂಗು ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಮಾತ್ರೆ ಶುರುಮಾಡಿದ ದಿನದಿಂದಲೇ ಸನ್‌ಸ್ಕ್ರೀನ್, ಬಿಸಿಲಿಗೆ ಹೋದರೆ ಕೊಡೆ ಅಥವಾ ದುಪಟ್ಟಾ ಇರಲಿ.

ಇಲ್ಲೊಂದು ವಿಷವರ್ತುಲ ಇದೆ. ಬಂಗು ಕಂಡ ಹುಡುಗಿ ಮೆಡಿಕಲ್ ಶಾಪಿಗೆ ಹೋಗಿ ‘ಬೆಳ್ಳಗಾಗುವ ಕ್ರೀಮ್’ ಕೇಳುತ್ತಾಳೆ. ಅಲ್ಲಿ ಸಿಗುವ ಹಲವು ಟ್ಯೂಬುಗಳಲ್ಲಿ ಬಲವಾದ ಸ್ಟೆರಾಯ್ಡ್ ಇರುತ್ತದೆ. ಎರಡು ವಾರ ಮುಖ ಫಳಫಳ. ಮೂರನೆಯ ತಿಂಗಳಿಗೆ ಚರ್ಮ ತೆಳುವಾಗಿ, ಕೆಂಪಾಗಿ, ಮುಖದ ತುಂಬ ಒಂದೇ ಅಳತೆಯ ಸಣ್ಣ ಗುಳ್ಳೆಗಳು. ಇದು ಸ್ಟೆರಾಯ್ಡ್ ಮೊಡವೆ. ಯಾವ ಗರ್ಭನಿರೋಧಕ ಮಾತ್ರೆಗೂ ಇದು ಬಗ್ಗುವುದಿಲ್ಲ. ಮಾತ್ರೆಯ ಚೀಟಿ ಬರೆಸಿಕೊಳ್ಳುವ ಮುಂಚೆ ಮುಖಕ್ಕೆ ಏನೇನು ಹಚ್ಚುತ್ತಿದ್ದೀರಿ ಎಂದು ಟ್ಯೂಬುಗಳ ಸಮೇತ ಡಾಕ್ಟರಿಗೆ ತೋರಿಸಿ.

‘ಹದಿನೈದು ದಿನವಾಯ್ತು, ಇನ್ನೂ ಹೋಗಿಲ್ಲ’

ಹೋಗುವುದೂ ಇಲ್ಲ. ವ್ಯತ್ಯಾಸ ಕಾಣಲು ಕನಿಷ್ಠ ಮೂರು ತಿಂಗಳು, ಪೂರ್ತಿ ಫಲಕ್ಕೆ ಆರು ತಿಂಗಳು ಬೇಕು. ಅಲ್ಲಿಯವರೆಗೆ ಅಡಪಲೀನ್, ಬೆಂಜಾಯಿಲ್ ಪೆರಾಕ್ಸೈಡ್‌ನಂಥ ಹಚ್ಚುವ ಔಷಧ ಜೊತೆಗಿರಬೇಕು. ನಿಲ್ಲಿಸಿದ ಮೇಲೆ ಮೊಡವೆ ಮತ್ತೆ ಬರುವ ಸಾಧ್ಯತೆಯೂ ಇದೆ. ಪಿಸಿಒಡಿ (ಅಂಡಾಶಯದ ಹಾರ್ಮೋನ್ ಏರುಪೇರು) ಇರುವವರು ‘ಮಾತ್ರೆಯಿಂದ ಗುಣವಾಯ್ತು’ ಎನ್ನುವುದೂ ಇಂಥದ್ದೇ ತಪ್ಪು ಲೆಕ್ಕ. ಮುಟ್ಟು ತಿಂಗಳು ತಿಂಗಳು ಬರುವುದು ಮಾತ್ರೆಯ ಕಾರಣಕ್ಕೆ, ಪಿಸಿಒಡಿ ಒಳಗೆ ಇದ್ದೇ ಇರುತ್ತದೆ.

ಮಾತ್ರೆಯ ಜೊತೆ ಯಾವ ಆಂಟಿಬಯಾಟಿಕ್ಕೂ ಕೂಡದು ಎನ್ನುವವರಿದ್ದಾರೆ. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್‌ನಿಂದ ಗರ್ಭನಿರೋಧಕ ಶಕ್ತಿ ಕುಂದುವುದಿಲ್ಲ. ಕುಂದಿಸುವುದು ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮತ್ತು ಫಿಟ್ಸ್‌ಗೆ ಕೊಡುವ ಕೆಲವು ಔಷಧಗಳು.

ಮನಸ್ಸಿನ ವಿಷಯವನ್ನು ಮಾತ್ರ ‘ಎಲ್ಲ ನಿನ್ನ ಭ್ರಮೆ’ ಎಂದು ತಳ್ಳಿಹಾಕಬೇಡಿ. ಡೆನ್ಮಾರ್ಕಿನಲ್ಲಿ 15ರಿಂದ 34 ವಯಸ್ಸಿನ ಹತ್ತು ಲಕ್ಷಕ್ಕೂ ಹೆಚ್ಚು ಮಹಿಳೆಯರ ದಾಖಲೆ ನೋಡಿದ 2016ರ ಅಧ್ಯಯನದಲ್ಲಿ, ಹಾರ್ಮೋನ್ ಗರ್ಭನಿರೋಧಕ ಬಳಸುವವರು, ಅದರಲ್ಲೂ ಹದಿಹರೆಯದವರು, ಖಿನ್ನತೆಯ ಔಷಧ ಶುರುಮಾಡುವುದು ಸ್ವಲ್ಪ ಹೆಚ್ಚಿತ್ತು. ಮಾತ್ರೆಯೇ ಕಾರಣ ಎಂದು ಅದು ಸಾಬೀತು ಮಾಡುವುದಿಲ್ಲ. ಆದರೂ ಮಗಳು ಮಂಕಾದರೆ ಡಾಕ್ಟರಿಗೆ ತಿಳಿಸಲು ಅಷ್ಟು ಸಾಕು. ಕ್ಯಾನ್ಸರ್ ಲೆಕ್ಕ ಮಿಶ್ರ: ಅಂಡಾಶಯ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರ್ ಕಡಿಮೆಯಾಗುತ್ತದೆ, ಮಾತ್ರೆ ತೆಗೆದುಕೊಳ್ಳುವ ಕಾಲದಲ್ಲಿ ಸ್ತನ ಕ್ಯಾನ್ಸರ್ ತುಸು ಹೆಚ್ಚು, ನಿಲ್ಲಿಸಿದ ಮೇಲೆ ಅದು ಕ್ರಮೇಣ ಇಳಿಯುತ್ತದೆ.

ಶುರುಮಾಡುವ ಮುಂಚೆ ದುಬಾರಿ ಹಾರ್ಮೋನ್ ಟೆಸ್ಟುಗಳ ಪಟ್ಟಿ ಎಲ್ಲರಿಗೂ ಬೇಕಿಲ್ಲ. ಬಿಪಿ ನೋಡಿಸಬೇಕು, ತಲೆನೋವಿನ ಬಗ್ಗೆ ಹೇಳಬೇಕು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ರಕ್ತ ಹೆಪ್ಪುಗಟ್ಟಿತ್ತೇ ಎಂದು ಕೇಳಿ ತಿಳಿದುಕೊಂಡು ಹೋಗಬೇಕು. ಈಗಾಗಲೇ ತೆಗೆದುಕೊಳ್ಳುತ್ತಿರುವವರಿಗೆ ಒಂದು ಮಾತು: ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ಹಿಡಿದುಕೊಂಡರೆ, ಹಿಂದೆಂದೂ ಕಾಣದ ತಲೆನೋವು ಬಂದರೆ, ಮಾತು ತೊದಲಿದರೆ ಅಥವಾ ಕಣ್ಣು ಮಂಜಾದರೆ ಬೆಳಗಾಗಲಿ ಎಂದು ಕಾಯಬೇಡಿ. ಆ ಹೊತ್ತಿಗೇ ಆಸ್ಪತ್ರೆಗೆ ಹೋಗಿ, ಮಾತ್ರೆಯ ಸ್ಟ್ರಿಪ್ಪನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಯಾರು ಜೊತೆಗಿದ್ದರೂ ಅದನ್ನು ಡಾಕ್ಟರಿಗೆ ತೋರಿಸಲು ನಾಚಿಕೊಳ್ಳಬೇಡಿ.