ಬಿಸಿಲಿಗೆ ಮೈ ಉರಿಯುವುದೇಕೆ?

ಬಿಸಿಲಿನಲ್ಲೇ ನಾವು ಕಳೆ ಕೀಳುತ್ತೇವೆ, ಹಪ್ಪಳ ಒಣಗಿಸುತ್ತೇವೆ. ಆದರೆ ಕೆಲವು ಮಕ್ಕಳು ಸ್ವಲ್ಪ ಹೊತ್ತು ಬಿಸಿಲಲ್ಲಿ ಆಡಿದರೂ "ಕೈ ಉರಿ, ಮುಖ ಉರಿ" ಅಂತ ಅಳುತ್ತವೆ. ತಣ್ಣೀರಿನಲ್ಲಿ ಕೈ ಅದ್ದಿ ಕೂರುತ್ತವೆ. ನೋಡಿದರೆ ಗುಳ್ಳೆ ಇಲ್ಲ, ಗಾಯ ಇಲ್ಲ. ಬರೀ ಸೋಗು ಅಂತ ನಾವು ಗದರುತ್ತೇವೆ. ಆದರೆ ಆ ನೋವು ನಿಜ ಇರಬಹುದು. ಪೋರ್ಫಿರಿಯಾ ಎಂಬ ಕಾಯಿಲೆಯ ಒಂದು ಬಗೆಯಲ್ಲಿ ಹೀಗಾಗುತ್ತದೆ. ಇದು ಬಹಳ ಅಪರೂಪ.

ರಕ್ತದಲ್ಲಿ ಏನಾಗುತ್ತದೆ?

ನಮ್ಮ ಮೂಳೆಯ ಒಳಗೆ ಮಜ್ಜೆ ಇದೆ. ಅಲ್ಲಿ ರಕ್ತದ ಕೆಂಪು ಕಣಗಳು ಹುಟ್ಟುತ್ತವೆ. ಅಲ್ಲೇ ಪೋರ್ಫಿರಿನ್ ಎಂಬ ವಸ್ತು ತಯಾರಾಗುತ್ತದೆ. ಅದಕ್ಕೆ ಕಬ್ಬಿಣ ಸೇರಿದರೆ ರಕ್ತಕ್ಕೆ ಕೆಂಪು ಬಣ್ಣ ಬರುತ್ತದೆ. ಹಾಲು ಮೊಸರಾಗಲು ಹೆಪ್ಪು ಬೇಕಲ್ಲವೇ? ಹಾಗೆಯೇ ಇವೆರಡು ಸೇರಲು ಕಿಣ್ವ ಎಂಬುದು ಬೇಕು. ಕೆಲವರಿಗೆ ಹುಟ್ಟಿನಿಂದಲೇ ಈ ಕಿಣ್ವ ಕಡಿಮೆ. ಆಗ ಪೋರ್ಫಿರಿನ್ ಕೆಂಪು ಕಣಗಳಲ್ಲೇ ಉಳಿದುಬಿಡುತ್ತದೆ.

ಬೆಳಕು ಏನು ಮಾಡುತ್ತದೆ?

ಬಿಸಿಲಿನಲ್ಲಿ ಕಾಮನಬಿಲ್ಲಿನ ಎಲ್ಲಾ ಬಣ್ಣಗಳೂ ಇವೆ. ಅದರಲ್ಲಿ ನೇರಳೆ ಬೆಳಕು ಚರ್ಮದ ಒಳಗೆ ಹೋಗುತ್ತದೆ. ಅಲ್ಲಿ ಹರಿಯುವ ರಕ್ತದ ಪೋರ್ಫಿರಿನ್ ಅದನ್ನು ಹೀರುತ್ತದೆ. ಹೀರಿದ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ಕೊಡುತ್ತದೆ. ಕೆರಳಿದ ಆಮ್ಲಜನಕ ರಕ್ತನಾಳದ ಗೋಡೆಗೆ ಪೆಟ್ಟು ಕೊಡುತ್ತದೆ. ಪೆಟ್ಟು ಒಳಗೆ ಬಿದ್ದಿದೆ. ಅದಕ್ಕೇ ಹೊರಗೆ ಗಾಯ ಕಾಣುವುದಿಲ್ಲ. ಆಮೇಲೆ ಬಾವು ಬರಬಹುದು.

1912ರಲ್ಲಿ ಜರ್ಮನಿಯ ವೈದ್ಯ ಮೇಯರ್ ಬೆಟ್ಜ್ ಒಂದು ಬಗೆಯ ಪೋರ್ಫಿರಿನ್ ಅನ್ನು ತಮಗೇ ಚುಚ್ಚಿಕೊಂಡರು. ಬಿಸಿಲಿಗೆ ಹೋದಾಗ ಅವರ ಮುಖ, ಕೈ ಊದಿಕೊಂಡವು. ಇದರ ತೊಂದರೆ ತಿಂಗಳುಗಟ್ಟಲೆ ಇತ್ತು.

ನಾವು ಏನು ಮಾಡಬೇಕು?

ಇದು ಅಂಟುರೋಗ ಅಲ್ಲ. ದೃಷ್ಟಿ ತಗಲಿದ್ದೂ ಅಲ್ಲ. ತಂದೆ ತಾಯಿಯಿಂದ ಬರುತ್ತದೆ. ತಂದೆ ತಾಯಿ ಇಬ್ಬರೂ ಆರೋಗ್ಯವಾಗಿಯೇ ಇರಬಹುದು. ಹಾಗಾಗಿ ತಾಯಿಯನ್ನು ದೂರುವುದು ತಪ್ಪು.

ಮಗುವನ್ನು ದೊಡ್ಡ ಆಸ್ಪತ್ರೆಯ ಚರ್ಮದ ವೈದ್ಯರಿಗೆ ತೋರಿಸಿ. ರಕ್ತ ಪರೀಕ್ಷೆಯಿಂದ ಕಾಯಿಲೆ ತಿಳಿಯುತ್ತದೆ. ಆ ರಕ್ತಕ್ಕೂ ಬೆಳಕು ತಾಗದಂತೆ ಮುಚ್ಚಿಡುತ್ತಾರೆ. ಕೆಲವರಿಗೆ ಪಿತ್ತಕೋಶದಲ್ಲಿ ಕಲ್ಲು ಆಗಬಹುದು, ಯಕೃತ್ತು ಕೆಡಬಹುದು. ಆದ್ದರಿಂದ ಆಗಾಗ ತಪಾಸಣೆ ಬೇಕು.

ಒತ್ತಾದ ಬಟ್ಟೆಯ ತುಂಬುತೋಳಿನ ಅಂಗಿ ಹಾಕಿ. ಟೋಪಿ, ಕೊಡೆ ಕೊಡಿ. ಕಿಟಕಿಯ ಗಾಜು ಈ ಬೆಳಕನ್ನು ತಡೆಯದು. ಮನೆಯಲ್ಲೂ, ಶಾಲೆಯಲ್ಲೂ ಮಗುವನ್ನು ಕಿಟಕಿಯಿಂದ ದೂರ ಕೂರಿಸಿ. ಕಬ್ಬಿಣದ ಮಾತ್ರೆಯನ್ನು ವೈದ್ಯರನ್ನು ಕೇಳದೆ ಕೊಡಬೇಡಿ. ಶಾಲೆಯ ಮೇಷ್ಟ್ರಿಗೂ ವಿಷಯ ತಿಳಿಸಿ. ಆಗ ಮಗುವನ್ನು ಯಾರೂ ಬಿಸಿಲಲ್ಲಿ ನಿಲ್ಲಿಸುವುದಿಲ್ಲ.