ಅಂಕದ ಹಣ, ಅಗತ್ಯದ ಹಣ

ಪಿಯುಸಿ ಫಲಿತಾಂಶದ ದಿನ ಮನೆಯಲ್ಲಿ ಸಿಹಿ ಹಂಚುತ್ತೇವೆ. ಆ ಬಳಿಕ ಯಾವುದಾದರೂ ಖಾಸಗಿ ವಿಶ್ವವಿದ್ಯಾಲಯದಿಂದ 'ನಿಮ್ಮ ಮಗಳಿಗೆ ಸ್ಕಾಲರ್‌ಶಿಪ್ ಮಂಜೂರಾಗಿದೆ' ಎಂಬ ಪತ್ರ ಬಂದರಂತೂ ಸಂತೋಷ ಇಮ್ಮಡಿಯಾಗುತ್ತದೆ. ಆದರೆ ಸಹೋದರಿ, ಆ ಪತ್ರವನ್ನು ನೀವು ಪೂರ್ತಿ ಓದಿದ್ದೀರಾ? ರಿಯಾಯಿತಿ ಎಷ್ಟೆಂಬುದು ಅದರಲ್ಲಿ ದಪ್ಪ ಅಕ್ಷರದಲ್ಲಿರುತ್ತದೆ. ನಿಮ್ಮ ಮನೆಯಿಂದ ಹೋಗಬೇಕಾದ ಹಣ ಎಷ್ಟೆಂಬುದನ್ನು ಅನೇಕ ವೇಳೆ ನೀವೇ ಲೆಕ್ಕ ಹಾಕಿಕೊಳ್ಳಬೇಕು. ಮೊದಲ ವರ್ಷ ಹೇಗೋ ಕಳೆಯುತ್ತದೆ. ಎರಡನೇ ವರ್ಷ ಶುಲ್ಕ ಕಟ್ಟಲಾಗದೆ ಓದು ಬಿಡಿಸುವ ಪ್ರಸಂಗ ಬಂದರೆ, ಮೊದಲು ಮನೆಗೆ ಮರಳುವವಳು ಮಗಳೇ. ಇದು ನಾವೆಲ್ಲ ಕಂಡದ್ದೇ.

ವಿಶ್ವವಿದ್ಯಾಲಯಗಳು ಕೊಡುವ ಹಣದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಅಂಕಕ್ಕೆ ಸಿಗುವುದು, ಇನ್ನೊಂದು ಮನೆಯ ಅಗತ್ಯ ನೋಡಿ ಕೊಡುವುದು. ನಮ್ಮ ಮನೆಗಳಲ್ಲಿ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಝಕಾತ್ ಕೊಡುವಾಗ ಯಾರೂ ಅಂಕಪಟ್ಟಿ ಕೇಳುವುದಿಲ್ಲ. ಬಹುಮಾನ ಕೊಡುವಾಗ ಯಾರೂ ಆದಾಯ ಕೇಳುವುದಿಲ್ಲ. ಎರಡೂ ಒಳ್ಳೆಯದೇ. ಎರಡನ್ನೂ ಒಂದೇ ವಿದ್ಯಾರ್ಥಿನಿಗೆ ಕೊಡುವಾಗ ಹೇಗೆ ಕೂಡಿಸುತ್ತಾರೆ ಎಂಬಲ್ಲೇ ಗೊಂದಲ ಶುರುವಾಗುತ್ತದೆ.

ರಾಯಚೂರು ಜಿಲ್ಲೆಯ ದೇವದುರ್ಗ ತಾಲೂಕಿನಲ್ಲಿ, ಕೃಷ್ಣೆಯ ದಡದಲ್ಲಿ ಗೂಗಲ್ ಎಂಬ ಊರಿದೆ. (ಕಂಪ್ಯೂಟರಿನ ಗೂಗಲ್ ಅಲ್ಲ, ಅದಕ್ಕಿಂತ ಎಷ್ಟೋ ಹಳೆಯದು.) ದೇವದುರ್ಗದಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರ ಸುದ್ದಿ ನೀವು ಕೇಳಿಯೇ ಇರುತ್ತೀರಿ. ಆ ಊರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅಬ್ಬಾ ಗಾರೆ ಕೆಲಸ, ಅಮ್ಮಿ ಹೊಲಿಗೆ. ಮಗಳು ಕನ್ನಡ ಮಾಧ್ಯಮದಲ್ಲಿ ಓದಿ ಒಳ್ಳೆಯ ಅಂಕ ಪಡೆದಿದ್ದಾಳೆ. ಲೆಕ್ಕ ಸುಲಭವಾಗಲೆಂದು ಒಂದು ವಿಶ್ವವಿದ್ಯಾಲಯದ ಬೋಧನಾ ಶುಲ್ಕ ವರ್ಷಕ್ಕೆ 2 ಲಕ್ಷ, ಹಾಸ್ಟೆಲ್ ಮತ್ತು ಊಟಕ್ಕೆ 1 ಲಕ್ಷ ಎಂದಿಟ್ಟುಕೊಳ್ಳೋಣ. ಅಂಕಕ್ಕಾಗಿ ಬೋಧನಾ ಶುಲ್ಕದಲ್ಲಿ ಶೇ. 25, ಬಡತನಕ್ಕಾಗಿ ಶೇ. 60 ರಿಯಾಯಿತಿ ಎಂದು ಪತ್ರ ಬಂದಿದೆ.

25 ಮತ್ತು 60 ಸೇರಿ 85 ಎಂದು ಸಂತೋಷಪಡುವ ಮೊದಲು ಸ್ವಲ್ಪ ನಿಲ್ಲಿ. ಎರಡನ್ನೂ ಪೂರ್ತಿ ಶುಲ್ಕದ ಮೇಲೆ ಲೆಕ್ಕ ಹಾಕಿದರೆ 1,70,000 ಕಳೆಯುತ್ತದೆ. ಉಳಿಯುವ ಶುಲ್ಕ 30,000. ಹಾಸ್ಟೆಲ್ ಸೇರಿ ಮನೆಯಿಂದ ಹೋಗುವುದು 1,30,000. ಇನ್ನೊಂದು ಕಡೆ ಮೊದಲು ಅಂಕದ ರಿಯಾಯಿತಿ ಕಳೆದು, ಉಳಿದ ಒಂದೂವರೆ ಲಕ್ಷದ ಮೇಲೆ ಶೇ. 60 ಕೊಡಬಹುದು. ಆಗ ಮನೆಯಿಂದ ಹೋಗುವುದು 1,60,000. ಮೂರನೆಯ ಕಡೆ 'ಎರಡರಲ್ಲಿ ದೊಡ್ಡದು ಯಾವುದೋ ಅದೊಂದೇ' ಎಂಬ ನಿಯಮವಿರಬಹುದು. ಆಗ 1,80,000. ಹುಡುಗಿ ಒಬ್ಬಳೇ, ಅಂಕ ಅದೇ, ಬಡತನವೂ ಅದೇ. ವ್ಯತ್ಯಾಸ ಮಾತ್ರ 50,000 ರೂಪಾಯಿ! ಇದು ಕೇವಲ ಉದಾಹರಣೆಯ ಲೆಕ್ಕವಾದರೂ ಈ ಮೂರು ಕ್ರಮಗಳೂ ಸಾಧ್ಯ. ನಿಮ್ಮ ಮಗಳ ಪತ್ರ ಯಾವ ಕ್ರಮದ್ದೆಂದು ಕೇಳದೆ ತಿಳಿಯುವುದಿಲ್ಲ.

ಇನ್ನೂ ಒಂದು ವರ್ಷ ಮುಂದೆ ನೋಡಿ. ಅಂಕದ ಹಣಕ್ಕೆ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ, ಪ್ರತಿ ವರ್ಷ ಇಂತಿಷ್ಟು ಅಂಕ ಉಳಿಸಿಕೊಳ್ಳಬೇಕೆಂದು. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಇಂಗ್ಲಿಷ್ ಪಾಠ, ಹೊಸ ಊರು, ಹಾಸ್ಟೆಲಿನ ಒಂಟಿತನದ ನಡುವೆ ಮೊದಲ ವರ್ಷ ಸ್ವಲ್ಪ ಹಿಂದೆ ಬೀಳುವುದು ಸಹಜ. ಅಂಕದ ಹಣ ನಿಂತಿತು ಎನ್ನಿ. ಮೊದಲನೆಯ ಕ್ರಮದಲ್ಲಿ ಮನೆಯ ಮೇಲಿನ ಹೊರೆ 1,30,000ದಿಂದ 1,80,000ಕ್ಕೆ ಏರುತ್ತದೆ. ಎರಡನೆಯದರಲ್ಲಿ ಏರಿಕೆ 20,000 ಮಾತ್ರ, ಏಕೆಂದರೆ ಅಂಕದ ಹಣ ಬಿಟ್ಟ ಜಾಗವನ್ನು ಅಗತ್ಯದ ಹಣ ಸ್ವಲ್ಪ ತುಂಬುತ್ತದೆ. ಮೂರನೆಯದರಲ್ಲಿ ಏರಿಕೆಯೇ ಇಲ್ಲ. ಮೊದಲ ವರ್ಷ ಎಲ್ಲಕ್ಕಿಂತ ಚೆನ್ನಾಗಿ ಕಂಡ ಪತ್ರವೇ ಎರಡನೇ ವರ್ಷ ಎಲ್ಲಕ್ಕಿಂತ ಹೆಚ್ಚು ಪೆಟ್ಟು ಕೊಡಬಲ್ಲದು! ಆದ್ದರಿಂದ ಬಡ ಮನೆಯ ಮಗಳಿಗೆ ಅಂಕದ ದೊಡ್ಡ ರಿಯಾಯಿತಿಗಿಂತ ಆದಾಯ ನೋಡಿ ಕೊಡುವ, ಪದವಿ ಮುಗಿಯುವವರೆಗೆ ನಿಲ್ಲದ ನೆರವೇ ಲೇಸು ಎಂದು ನನ್ನ ಅಭಿಪ್ರಾಯ.

ಅಂಕ ಮತ್ತು ಅಗತ್ಯದ ಈ ಎಳೆದಾಟ ನಮ್ಮ ರಾಜ್ಯಕ್ಕೆ ಹೊಸದಲ್ಲ. 1993ರಲ್ಲಿ ಸುಪ್ರೀಂ ಕೋರ್ಟು ಉನ್ನಿಕೃಷ್ಣನ್ ಪ್ರಕರಣದಲ್ಲಿ ಖಾಸಗಿ ವೃತ್ತಿ ಶಿಕ್ಷಣ ಕಾಲೇಜುಗಳ ಅರ್ಧ ಸೀಟುಗಳನ್ನು 'ಫ್ರೀ ಸೀಟು', ಉಳಿದರ್ಧವನ್ನು 'ಪೇಮೆಂಟ್ ಸೀಟು' ಎಂದು ವಿಂಗಡಿಸಿತು. ಅಂಕದಲ್ಲಿ ಮುಂದಿರುವವರಿಗೆ ಫ್ರೀ ಸೀಟು. ಉದ್ದೇಶ ಒಳ್ಳೆಯದಿತ್ತು. ಆದರೆ ಆದದ್ದೇನು? ನಗರದ ಒಳ್ಳೆಯ ಶಾಲೆ, ಟ್ಯೂಷನ್ನು ಸಿಕ್ಕಿದ ಅನುಕೂಲಸ್ಥರ ಮಕ್ಕಳು ಫ್ರೀ ಸೀಟು ಪಡೆದರು. ಅಂಕದಲ್ಲಿ ತುಸು ಹಿಂದೆ ಬಿದ್ದ ಹಳ್ಳಿಯ, ಬಡವರ ಮಕ್ಕಳು ತಮ್ಮ ಶುಲ್ಕದ ಜೊತೆಗೆ ಅವರ ಖರ್ಚನ್ನೂ ಹೊತ್ತರು. ಇದು ನನ್ನ ಮಾತಲ್ಲ. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ 2002ರಲ್ಲಿ 11 ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಾಗ ಇದೇ ಅರ್ಥದ ಮಾತನ್ನು ಹೇಳಿ ಹಳೆಯ ಪದ್ಧತಿಯನ್ನು ಕೈಬಿಟ್ಟಿತು.

ಕೇಂದ್ರ ಸರ್ಕಾರ 2007-08ರಲ್ಲಿ ಅಲ್ಪಸಂಖ್ಯಾತರಿಗಾಗಿ ಆರಂಭಿಸಿದ 'ಮೆರಿಟ್ ಕಮ್ ಮೀನ್ಸ್' ವಿದ್ಯಾರ್ಥಿವೇತನದಲ್ಲಿ ಎರಡನ್ನೂ ಬೇರೆ ರೀತಿಯಲ್ಲಿ ಹೊಂದಿಸಲಾಗಿತ್ತು. ಅಂಕಕ್ಕೆ ಒಂದು ಹೊಸ್ತಿಲು, ಆದಾಯಕ್ಕೆ ಒಂದು ಮಿತಿ. ಎರಡನ್ನೂ ದಾಟಿದವರಿಗೆ ಮಾತ್ರ ಹಣ. ಶೇ. 30ರಷ್ಟು ಹೆಣ್ಣು ಮಕ್ಕಳಿಗೆ ಮೀಸಲಿತ್ತು. ಅದೇ ಕಾಲದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ನಿಯಮದಲ್ಲಿ, ಅರ್ಜಿಗಳು ಹೆಚ್ಚಾದರೆ ಅಂಕಕ್ಕಿಂತ ಬಡತನಕ್ಕೆ ಹೆಚ್ಚು ತೂಕ ಕೊಡಬೇಕೆಂದೂ ಇತ್ತು. ಇಂಥ ಯೋಜನೆಗಳು ಬರುತ್ತವೆ, ಹೋಗುತ್ತವೆ. ಸಂಶೋಧನೆ ಮಾಡುವವರಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು 2022ರಲ್ಲಿ ನಿಲ್ಲಿಸಲಾಯಿತು. ಹಳೆಯ ಮಾಹಿತಿಯನ್ನು ನಂಬಿ ಮನೆಯ ಬಜೆಟ್ ಹಾಕಬೇಡಿ. ಆಯಾ ವರ್ಷ ಅರ್ಜಿ ಕರೆದಿದ್ದಾರೆಯೇ ಎಂದು ನೋಡಿಕೊಳ್ಳಿ.

ಬೆಂಗಳೂರಿನ ಅಝೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2010ರ ರಾಜ್ಯ ಕಾಯ್ದೆಯಿಂದ ಹುಟ್ಟಿದ ಖಾಸಗಿ ವಿಶ್ವವಿದ್ಯಾಲಯ. ಅಲ್ಲಿ ಪ್ರವೇಶ ಪರೀಕ್ಷೆ ಮತ್ತು ಸಂದರ್ಶನದ ಮೂಲಕ. ಒಳಗೆ ಹೋದ ಮೇಲೆ ನೆರವನ್ನು ಮನೆಯ ಆರ್ಥಿಕ ಸ್ಥಿತಿ ನೋಡಿ ನಿರ್ಧರಿಸುತ್ತಾರೆ. ಅಂದರೆ ಯೋಗ್ಯತೆಯ ಪ್ರಶ್ನೆ ಬಾಗಿಲಲ್ಲೇ ಮುಗಿಯುತ್ತದೆ, ಹಣದ ಪ್ರಶ್ನೆ ಬೇರೆಯಾಗಿಯೇ ಉಳಿಯುತ್ತದೆ. ಅಮೆರಿಕದ ಹಾರ್ವರ್ಡ್, ಪ್ರಿನ್ಸ್‌ಟನ್‌ಗಳದ್ದೂ ಇದೇ ನೀತಿ. ಅಲ್ಲಿ ಅಂಕಕ್ಕಾಗಿ ಸ್ಕಾಲರ್‌ಶಿಪ್ ಇಲ್ಲ, ಅಗತ್ಯಕ್ಕೆ ಮಾತ್ರ. ಪ್ರಿನ್ಸ್‌ಟನ್ 2001ರಲ್ಲಿ ನೆರವಿನ ಲೆಕ್ಕದಿಂದ ಸಾಲವನ್ನೇ ತೆಗೆದು, ಮರಳಿಸಬೇಕಿಲ್ಲದ ಅನುದಾನ ಕೊಡತೊಡಗಿತು.

ಸಾಲದ ವಿಷಯ ಇಲ್ಲಿ ಹೇಳಲೇಬೇಕು. 'ನೆರವು' ಎಂಬ ಒಂದೇ ಶೀರ್ಷಿಕೆಯಡಿ ಬ್ಯಾಂಕ್ ಸಾಲವನ್ನೂ ಸೇರಿಸಿ ತೋರಿಸುವುದುಂಟು. ಅದು ರಿಯಾಯಿತಿಯಲ್ಲ, ಮುಂದೆ ಬಡ್ಡಿಯೊಡನೆ ಕಟ್ಟಬೇಕಾದದ್ದು. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಕೂಡಾ ಸಾಲವೇ. ಅದನ್ನು ಸ್ಕಾಲರ್‌ಶಿಪ್ ಎಂದುಕೊಂಡ ಹೆತ್ತವರಿದ್ದಾರೆ.

ಇನ್ನು ಸಿಇಟಿ. ಕರ್ನಾಟಕದ ಬಹುತೇಕ ಖಾಸಗಿ ವಿಶ್ವವಿದ್ಯಾಲಯಗಳ ಕಾಯ್ದೆಯಲ್ಲಿ ಶೇ. 40ರಷ್ಟು ಸೀಟುಗಳು ರಾಜ್ಯದ ವಿದ್ಯಾರ್ಥಿಗಳಿಗೆಂದು ಇವೆ. ಇಂಜಿನಿಯರಿಂಗ್‌ನಂತಹ ಕೋರ್ಸುಗಳಲ್ಲಿ ಅವು ಸಿಇಟಿ ಮೂಲಕ ತುಂಬುತ್ತವೆ, ಶುಲ್ಕವೂ ಮ್ಯಾನೇಜ್‌ಮೆಂಟ್ ಸೀಟಿಗಿಂತ ಕಡಿಮೆ. ಆದ್ದರಿಂದ ಮ್ಯಾನೇಜ್‌ಮೆಂಟ್ ಸೀಟಿನಲ್ಲಿ ಅರ್ಧ ರಿಯಾಯಿತಿ ಎಂದರೂ, ಅದು ಸಿಇಟಿ ಸೀಟಿನ ಪೂರ್ತಿ ಶುಲ್ಕಕ್ಕಿಂತ ದುಬಾರಿಯಾಗಬಹುದು. ಕಲ್ಯಾಣ ಕರ್ನಾಟಕದವರು 371(ಜೆ) ಪ್ರಮಾಣಪತ್ರವನ್ನು ಮರೆಯಬಾರದು. ಆ ಭಾಗದ ಸಂಸ್ಥೆಗಳಲ್ಲಿ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟುಗಳ ಅವಕಾಶ ಅದರಿಂದ ಸಿಗುತ್ತದೆ. ಹಾಸ್ಟೆಲಿನ ಖರ್ಚೇ ಭಾರವಾದರೆ ಹತ್ತಿರದ ಸಂಸ್ಥೆಗಳನ್ನೂ ವಿಚಾರಿಸಿ. ಕಲಬುರಗಿಯಲ್ಲೇ 2018ರ ಕಾಯ್ದೆಯಿಂದ ಆದ ಖ್ವಾಜಾ ಬಂದಾನವಾಝ್ ವಿಶ್ವವಿದ್ಯಾಲಯವಿದೆ.

ಹೊರಗಿನಿಂದ ಬರುವ ಹಣದ ಮಾತು ಬೇರೆ. ಅಝೀಂ ಪ್ರೇಮ್‌ಜಿ ಫೌಂಡೇಶನ್ 2025-26ರಲ್ಲಿ 10ನೇ ತರಗತಿ ಮತ್ತು ಪಿಯುಸಿಯನ್ನು ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿ, ಪದವಿ ಅಥವಾ ಡಿಪ್ಲೊಮಾ ಸೇರಿದ ಹೆಣ್ಣು ಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ ಕೊಡುವ ಯೋಜನೆಯನ್ನು ಕರ್ನಾಟಕವೂ ಸೇರಿ 18 ರಾಜ್ಯಗಳಲ್ಲಿ ತೆರೆಯಿತು. ಹಣ ಹುಡುಗಿಯ ಖಾತೆಗೇ ಬರುತ್ತದೆ, ಅಣ್ಣನದೋ ಚಿಕ್ಕಪ್ಪನದೋ ಖಾತೆಗಲ್ಲ. ಗೂಗಲ್‌ನ ಆ ಹುಡುಗಿಗೆ ಇದು ಸಿಕ್ಕಿದರೆ ಮನೆಯ ಹೊರೆ 30,000 ಇಳಿಯಬೇಕು. ಆದರೆ ಕೆಲವು ಕಡೆ ಹೊರಗಿನಿಂದ ಬಂದಷ್ಟನ್ನೇ ತಮ್ಮ ನೆರವಿನಿಂದ ಕಡಿಮೆ ಮಾಡುವ ನಿಯಮವಿರುತ್ತದೆ. ಹಾಗಾದರೆ ಲಾಭವಾದದ್ದು ವಿಶ್ವವಿದ್ಯಾಲಯಕ್ಕೆ, ಮನೆಗಲ್ಲ. ಜಮಾಅತಿನವರು ಒಬ್ಬ ಹುಡುಗಿಗೆ ಶುಲ್ಕ ಕಟ್ಟಲು ಮುಂದಾಗುವಾಗಲೂ ಇದನ್ನು ಮೊದಲೇ ವಿಚಾರಿಸಲಿ. ನಮ್ಮಲ್ಲಿ ಹೆಚ್ಚಿನ ಸನ್ಮಾನಗಳು ರ‍್ಯಾಂಕ್ ಬಂದವರಿಗೇ ಹೋಗುತ್ತವೆ. ಶೇ. 65 ಪಡೆದ ಕೂಲಿಯವರ ಮಗಳ ಹಾಸ್ಟೆಲ್ ಶುಲ್ಕದ ಬಗ್ಗೆ ಯಾರು ಯೋಚಿಸುತ್ತಾರೆ?

ಅಗತ್ಯವನ್ನು ಕಾಗದದಲ್ಲಿ ತೋರಿಸುವ ಕೆಲಸ ಹೆಚ್ಚಾಗಿ ತಾಯಿಯ ಪಾಲಿಗೇ ಬರುತ್ತದೆ, ಗಂಡ ಗುಳೆ ಹೋಗಿದ್ದರಂತೂ ಖಂಡಿತ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರವನ್ನು ಫಲಿತಾಂಶಕ್ಕೆ ಮೊದಲೇ ಮಾಡಿಸಿಡಿ. ಹೆಸರಿನ ಕಾಗುಣಿತ ಆಧಾರ್, ಅಂಕಪಟ್ಟಿ, ಬ್ಯಾಂಕ್ ಪುಸ್ತಕ ಮೂರರಲ್ಲೂ ಒಂದೇ ಇರಲಿ. ಬೀ, ಬೇಗಂ, ಬಾನು ಎಂದು ಒಂದೊಂದರಲ್ಲಿ ಒಂದೊಂದಿದ್ದರೆ ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ವಿಧವೆಯರು ಮರಣ ಪ್ರಮಾಣಪತ್ರ, ವಿಚ್ಛೇದಿತೆಯರು ಅದರ ದಾಖಲೆ ಜೊತೆಗಿಡಬೇಕು. ಖರ್ಚು ಕೊಡದ ತಂದೆಯ ಆದಾಯವನ್ನು ಮನೆಯ ಆದಾಯಕ್ಕೆ ಸೇರಿಸಿದರೆ ನೆರವು ತಪ್ಪಬಹುದು. ಗೇಣಿ ಭೂಮಿ, ಕೂಲಿ, ಮನೆಯಲ್ಲಿರುವ ರೋಗಿ, ಓದುತ್ತಿರುವ ಇತರ ಮಕ್ಕಳು, ಇವನ್ನೆಲ್ಲ ಬರೆಯಲು ನಾಚಿಕೆ ಬೇಡ. ಅರ್ಜಿಯಲ್ಲಿ ಬರೆಯದ ಕಷ್ಟ ನೆರವು ನಿರ್ಧರಿಸುವವರಿಗೆ ಕಾಣುವುದಿಲ್ಲ.

ಸೀಟಿನ ಹಣ ಕಟ್ಟುವ ಮೊದಲು ಪ್ರವೇಶ ವಿಭಾಗಕ್ಕೆ ಮಗಳ ಕೈಯಿಂದ ನಾಲ್ಕು ಸಾಲು ಬರೆಸಿ: 'ನನಗೆ ಮಂಜೂರಾದ ಎರಡು ನೆರವುಗಳನ್ನು ಒಟ್ಟಿಗೆ ಪಡೆಯಬಹುದೇ? ಎರಡನೆಯದನ್ನು ಪೂರ್ತಿ ಶುಲ್ಕದ ಮೇಲೆ ಕೊಡುತ್ತೀರಾ, ಉಳಿದದ್ದರ ಮೇಲೆಯೇ? ಹಾಸ್ಟೆಲ್ ಮತ್ತು ಊಟ ಇದರಲ್ಲಿ ಸೇರಿದೆಯೇ? ಅಂಕ ಕಡಿಮೆಯಾದರೆ ಅಥವಾ ಹೊರಗಿನ ವಿದ್ಯಾರ್ಥಿವೇತನ ಬಂದರೆ ನಾನು ಕಟ್ಟಬೇಕಾದ ಮೊತ್ತ ಎಷ್ಟಾಗುತ್ತದೆ?' ಉತ್ತರವನ್ನು ಫೋನಿನಲ್ಲಿ ಹೇಳಿದರೆ, ಅದನ್ನೇ ಇ-ಮೇಲ್‌ನಲ್ಲಿ ಕಳುಹಿಸಿ ಎಂದು ಅವಳಿಂದಲೇ ಹೇಳಿಸಿ.